ಗಾಜು, ಕ್ಯಾಮೆರಾ ಮತ್ತು ಕಣ್ಣು: ಯೋಸೆಫ್ ಆಲ್ಬರ್ಸ್‌ನ ದೃಶ್ಯಗ್ರಹಿಕೆಯ ಶೋಧ

ಇಪ್ಪತ್ತನೆಯ ಶತಮಾನದ ಆಧುನಿಕತಾವಾದಿ ಕಲೆಯ ಚರಿತ್ರೆಯಲ್ಲಿ ಯೋಸೆಫ್ ಆಲ್ಬರ್ಸ್‌ನ (೧೮೮೮-೧೯೭೬) ಹೆಸರು ಒಂದೇ ಒಂದು ಆಕೃತಿಯೊಂದಿಗೆ ಬೆಸೆದುಕೊಂಡಿದೆ. ಅದು ಚೌಕ. ಒಂದರೊಳಗೊಂದು ಅಡಕಗೊಂಡ ಮೂರು ಅಥವಾ ನಾಲ್ಕು ಚೌಕಗಳನ್ನು ಬೇರೆ ಬೇರೆ ಬಣ್ಣಗಳಲ್ಲಿ ನಿರೂಪಿಸುವ ‘ಚೌಕಕ್ಕೆ ನಮನ’ ಎಂಬ ಚಿತ್ರಮಾಲಿಕೆಯನ್ನು ಆತ ೧೯೫೦ರಲ್ಲಿ ಆರಂಭಿಸಿದ. ಸಾಯುವವರೆಗೂ ಅದನ್ನು ಕೈಬಿಡಲಿಲ್ಲ. ೧೯೬೩ರಲ್ಲಿ ಯೇಲ್ ವಿಶ್ವವಿದ್ಯಾಲಯದ ಪ್ರಕಾಶನ ಸಂಸ್ಥೆ ಹೊರತಂದ ‘ಬಣ್ಣಗಳ ಪರಸ್ಪರ ಕ್ರಿಯೆ’ ಎಂಬ ಆತನ ಕೃತಿ ಕಲಾಶಿಕ್ಷಣದ ಪ್ರಮುಖ ಪಠ್ಯಗಳಲ್ಲಿ ಒಂದಾಗಿ ನೆಲೆನಿಂತಿತು. ಈ ಎರಡು ಸಾಧನೆಗಳ ಪ್ರಭೆಯಲ್ಲಿ ಆತನ ಬದುಕಿನ ಮೊದಲ ನಲವತ್ತೈದು ವರ್ಷಗಳ ಕೆಲಸ ಬಹುಮಟ್ಟಿಗೆ ಮಸುಕಾಯಿತು. ಜರ್ಮನಿಯಲ್ಲಿದ್ದಾಗ ಆತ ಮುಖ್ಯವಾಗಿ ದುಡಿದದ್ದು ಕ್ಯಾನ್ವಾಸು-ಕುಂಚಗಳೊಂದಿಗೆ ಅಲ್ಲ, ಗಾಜಿನೊಂದಿಗೆ. ಆ ಅವಧಿಯ ಕೊನೆಯ ಕೆಲವು ವರ್ಷಗಳಲ್ಲಿ ಕ್ಯಾಮೆರಾದೊಂದಿಗೆ.

ಗಾಜು ಮತ್ತು ಛಾಯಾಚಿತ್ರಗಳ ಈ ಘಟ್ಟವನ್ನು ಮುಂದಿನ ಚಿತ್ರಕಾರನ ಪೂರ್ವಸಿದ್ಧತೆಯೆಂದು ಪರಿಗಣಿಸುವುದು ವಾಡಿಕೆ. ಆದರೆ ಕೃತಿಗಳನ್ನು ಅವುಗಳ ತಯಾರಿಕೆಯ ಕ್ರಮದೊಂದಿಗೆ ಇಟ್ಟು ಪರಿಶೀಲಿಸಿದರೆ ಬೇರೊಂದು ಸಂಗತಿ ಸ್ಪಷ್ಟವಾಗುತ್ತದೆ. ವಸ್ತು ಇರುವ ಬಗೆಗೂ ಅದು ಕಾಣುವ ಬಗೆಗೂ ನಡುವೆ ಇರುವ ಅಂತರ ಎಂತಹದು ಎಂಬ ಪ್ರಶ್ನೆ ಆಲ್ಬರ್ಸ್‌ನ ಜೀವಮಾನದ ಪ್ರಶ್ನೆ. ಅದು ರೂಪು ಪಡೆದದ್ದು ಬಣ್ಣದ ಕೊಳವೆಗಳಲ್ಲಿ ಅಲ್ಲ, ಗಾಜಿನ ಪದರಗಳಲ್ಲಿ ಮತ್ತು ರಟ್ಟಿನ ಮೇಲೆ ಅಕ್ಕಪಕ್ಕ ಅಂಟಿಸಿದ ಛಾಯಾಚಿತ್ರಗಳಲ್ಲಿ. ಈ ಸಂಗತಿಯನ್ನು ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

೧. ಒಡೆದ ಗಾಜು

ಆಲ್ಬರ್ಸ್ ಹುಟ್ಟಿದ್ದು ಜರ್ಮನಿಯ ವೆಸ್ಟ್‌ಫಾಲಿಯಾ ಪ್ರಾಂತದ ಬೊಟ್ರೊಪ್ ಎಂಬ ಊರಿನಲ್ಲಿ. ತಂದೆ ಮನೆಗಳಿಗೆ ಬಣ್ಣ ಬಳಿಯುವ, ಮರಗೆಲಸ ಮುಂತಾದವನ್ನೂ ಬಲ್ಲ ಕುಶಲಕರ್ಮಿ. ಗಾಜಿನ ಮೇಲೆ ಕೊರೆಯುವ ಕೆಲಸದ ಮೊದಲ ಪರಿಚಯ ಮಗನಿಗೆ ಆದದ್ದು ಮನೆಯಲ್ಲಿಯೇ. ಪ್ರಾಥಮಿಕ ಶಾಲೆಯ ಉಪಾಧ್ಯಾಯನಾಗಿ ಕೆಲವು ವರ್ಷ ದುಡಿದ ಅನಂತರ ಬರ್ಲಿನ್, ಎಸ್ಸೆನ್ ಮತ್ತು ಮ್ಯೂನಿಕ್‌ಗಳಲ್ಲಿ ಕಲಾಭ್ಯಾಸ ಮಾಡಿದ ಆಲ್ಬರ್ಸ್, ೧೯೨೦ರಲ್ಲಿ ವೈಮಾರ್‌ನ ಬೌಹೌಸ್ ಕಲಾಶಾಲೆಗೆ ವಿದ್ಯಾರ್ಥಿಯಾಗಿ ಸೇರಿದ. ಆಗ ಆತನಿಗೆ ಮೂವತ್ತೆರಡು ವರ್ಷ. ವಾಲ್ಟರ್ ಗ್ರೋಪಿಯಸ್ ೧೯೧೯ರಲ್ಲಿ ಸ್ಥಾಪಿಸಿದ್ದ ಆ ಶಾಲೆ ಕಲೆ ಮತ್ತು ಕಸುಬುಗಳ ನಡುವಿನ ಗೋಡೆಯನ್ನು ಕೆಡವುವ ಸಂಕಲ್ಪ ತೊಟ್ಟಿತ್ತು.

ಅದು ಮೊದಲ ಮಹಾಯುದ್ಧದ ಅನಂತರದ ಕಾಲ. ಸಾಮಗ್ರಿ ಕೊಳ್ಳಲು ಹಣವಿರಲಿಲ್ಲ. ಆಲ್ಬರ್ಸ್ ಬೆನ್ನಿಗೊಂದು ಚೀಲ ಏರಿಸಿ, ಕೈಯಲ್ಲೊಂದು ಸುತ್ತಿಗೆ ಹಿಡಿದು ಊರಿನ ಕಸದ ರಾಶಿಗೆ ಹೋಗುತ್ತಿದ್ದ. ಒಡೆದ ಬಾಟಲಿಗಳ ಚೂರುಗಳನ್ನು ಆಯ್ದು ತರುತ್ತಿದ್ದ. ಶಾಲೆಯ ನಿಯಮದ ಪ್ರಕಾರ ಆತ ಭಿತ್ತಿಚಿತ್ರ ವಿಭಾಗದಲ್ಲಿ ಕಲಿಯಬೇಕಾಗಿತ್ತು. ಗ್ರೋಪಿಯಸ್ ಮತ್ತೆ ಮತ್ತೆ ನೆನಪಿಸಿದರೂ ಆತ ಗಾಜನ್ನು ಬಿಡಲಿಲ್ಲ. ಶಾಲೆಯಿಂದ ಹೊರಬೀಳುವ ಸಾಧ್ಯತೆ ಎದುರಿಗಿತ್ತು. ಆದರೆ ಅವಧಿಯ ಕೊನೆಯಲ್ಲಿ ಆತ ತನ್ನ ಗಾಜಿನ ಕೃತಿಗಳನ್ನು ಪ್ರದರ್ಶಿಸಿದಾಗ ಪರಿಣಾಮ ತದ್ವಿರುದ್ಧವಾಯಿತು: ಹೊಸದಾಗಿ ಗಾಜಿನ ಕಾರ್ಯಾಗಾರವೊಂದನ್ನು ಕಟ್ಟುವ ಹೊಣೆಯನ್ನು ಆತನಿಗೇ ಒಪ್ಪಿಸಲಾಯಿತು.

ಈ ಆರಂಭಿಕ ಕೃತಿಗಳಲ್ಲಿ ಎರಡನ್ನು ಇಲ್ಲಿ ಗಮನಿಸಬಹುದು. ಇಂದು ನ್ಯೂಯಾರ್ಕ್‌ನ ಮೆಟ್ರೊಪಾಲಿಟನ್ ಸಂಗ್ರಹಾಲಯದಲ್ಲಿರುವ ‘ರೈನ್ ಪ್ರಾಂತದ ದಂತಕಥೆ’ (೧೯೨೧) ಬಗೆಬಗೆಯ ಆಕಾರದ ಚೂರುಗಳನ್ನು ತಾಮ್ರದೊಂದಿಗೆ ಹೊಂದಿಸಿ ಮಾಡಿದ್ದು. ಅಲ್ಲಿ ಚೂರುಗಳ ಆಕಾರ ಕಲಾವಿದನ ಆಯ್ಕೆಯಲ್ಲ, ಒಡೆತದ ಆಕಸ್ಮಿಕ. ಸುಮಾರಾಗಿ ಅದೇ ಕಾಲದ ‘ಜಾಲರಿ ಚಿತ್ರ’ದಲ್ಲಿ ಈ ಆಕಸ್ಮಿಕಕ್ಕೆ ಎಡೆಯಿಲ್ಲ. ಗಾಜಿನ ಬಣ್ಣಗಳ ಮಾದರಿಗಾಗಿ ತಯಾರಾದ ಚಿಕ್ಕ ಚಿಕ್ಕ ಬಿಲ್ಲೆಗಳನ್ನು ಆಲ್ಬರ್ಸ್ ಲೋಹದ ಜಾಲರಿಯೊಂದರ ಕಣ್ಣುಗಳಿಗೆ ತಾಮ್ರದ ತಂತಿಯಿಂದ ಬಿಗಿದಿದ್ದಾನೆ. ಎಲ್ಲ ಬಿಲ್ಲೆಗಳ ಅಳತೆ ಹೆಚ್ಚುಕಡಿಮೆ ಒಂದೇ. ಬೇರೆಯಾಗುವುದು ಬಣ್ಣ ಮಾತ್ರ. ಆದರೂ ಕೆಲವು ಬಿಲ್ಲೆಗಳು ನೋಡುವವನತ್ತ ಮುಂಬರುವಂತೆಯೂ ಕೆಲವು ಹಿಂದಕ್ಕೆ ಸರಿಯುವಂತೆಯೂ ತೋರುತ್ತವೆ. ಆಕಾರವನ್ನು ಸ್ಥಿರವಾಗಿಟ್ಟು ಬಣ್ಣದ ವರ್ತನೆಯನ್ನಷ್ಟೇ ಪರೀಕ್ಷಿಸುವ ಕ್ರಮ, ಮೂರು ದಶಕಗಳ ಅನಂತರ ಚೌಕಗಳ ಮಾಲಿಕೆಯ ತಿರುಳಾದ ಕ್ರಮ, ಇಲ್ಲಿ ಮೊಳಕೆಯೊಡೆದಿದೆ.

೨. ಕಿಟಕಿಯಿಂದ ಗೋಡೆಗೆ

ಮೇಲಿನ ಕೃತಿಗಳು ಬೆಳಕನ್ನು ತಮ್ಮ ಮೂಲಕ ಹಾಯಗೊಡುವಂಥವು. ಯುರೋಪಿನ ಚರ್ಚುಗಳ ವರ್ಣಗಾಜಿನ ಕಿಟಕಿಯ ಪರಂಪರೆ ಅವುಗಳ ಹಿಂದಿದೆ. ಆಲ್ಬರ್ಸ್‌ನೂ ೧೯೧೭-೧೮ರ ಸುಮಾರಿಗೆ ತನ್ನ ಊರಿನ ಸಂತ ಮೈಕೆಲ್ ಚರ್ಚಿಗೆ ಕಿಟಕಿಯೊಂದನ್ನು ರಚಿಸಿದ್ದ. ಅದು ಎರಡನೆಯ ಮಹಾಯುದ್ಧದಲ್ಲಿ ನಾಶವಾಯಿತು. ಲೈಪ್ಜಿಗ್‌ನ ಗ್ರಾಸಿ ಸಂಗ್ರಹಾಲಯಕ್ಕೆ ಆತ ೧೯೨೬-೨೭ರಲ್ಲಿ ವಿನ್ಯಾಸಗೊಳಿಸಿದ ಕಿಟಕಿಗಳಿಗೂ ಅದೇ ಗತಿಯಾಯಿತು. ಅವುಗಳನ್ನು ೨೦೧೧ರಲ್ಲಿ ಮರುನಿರ್ಮಿಸಲಾಗಿದೆ.

ಕಿಟಕಿಯ ಗಾಜು ಬೆಳಕಿನ ಅಧೀನ. ಸೂರ್ಯನ ಚಲನೆಗೆ ತಕ್ಕಂತೆ ಅದರ ಬಣ್ಣ ಬದಲಾಗುತ್ತದೆ. ರಾತ್ರಿಯಾದೊಡನೆ ಒಳಗಿನವರ ಪಾಲಿಗೆ ಅದು ಕಪ್ಪಾಗುತ್ತದೆ. ೧೯೨೫ರ ವೇಳೆಗೆ, ಬೌಹೌಸ್ ವೈಮಾರ್‌ನಿಂದ ಡೆಸ್ಸೌ ನಗರಕ್ಕೆ ಸ್ಥಳಾಂತರಗೊಂಡು ಆಲ್ಬರ್ಸ್ ಅಲ್ಲಿ ಅಧ್ಯಾಪಕನಾದಾಗ, ಆತ ಈ ಅಧೀನತೆಯಿಂದ ಹೊರಬರುವ ದಾರಿಯೊಂದನ್ನು ಕಂಡುಕೊಂಡ. ಹಾಲಿನಂತೆ ಬಿಳುಪಾದ ಅಪಾರದರ್ಶಕ ಗಾಜಿನ ಫಲಕದ ಮೇಲೆ ಕೆಂಪು, ಹಳದಿ, ಕಪ್ಪು ಮೊದಲಾದ ಬಣ್ಣದ ಗಾಜಿನ ತೆಳುವಾದ ಪದರ ಬೆಸೆದಿರುತ್ತದೆ. ಆ ಪದರದ ಮೇಲೆ ಪಡಿಯಚ್ಚನ್ನು ಹೊಂದಿಸಿ ಒತ್ತಡದಿಂದ ಮರಳನ್ನು ಚಿಮ್ಮಿಸಿದಾಗ, ಪಡಿಯಚ್ಚು ಮುಚ್ಚದ ಭಾಗಗಳಲ್ಲಿ ಬಣ್ಣದ ಪದರ ಸವೆದು ಕೆಳಗಿನ ಬಿಳುಪು ಹೊರಬರುತ್ತದೆ. ಅಗತ್ಯವಿದ್ದಲ್ಲಿ ಕಪ್ಪು ವರ್ಣಲೇಪವನ್ನು ಹಚ್ಚಿ ಕುಲುಮೆಯಲ್ಲಿ ಬೇಯಿಸಲಾಗುತ್ತದೆ. ಹೀಗೆ ತಯಾರಾದ ಫಲಕ ಕಿಟಕಿಯಲ್ಲಿ ಅಲ್ಲ, ಚಿತ್ರದಂತೆ ಗೋಡೆಯ ಮೇಲೆ ತೂಗುತ್ತದೆ. ಅದು ಬೆಳಕನ್ನು ಹಾಯಗೊಡುವುದಿಲ್ಲ, ಪ್ರತಿಫಲಿಸುತ್ತದೆ.

ಇಲ್ಲಿ ಒಂದು ವೈಚಿತ್ರ್ಯವಿದೆ. ಫಲಕದ ಮೂಲಕ ಬೆಳಕು ಹಾಯದಿದ್ದರೂ ನೋಡುವವನಿಗೆ ಬೆಳಕು ಒಳಗಿನಿಂದಲೇ ಹೊಮ್ಮುತ್ತಿರುವಂತೆ ಭಾಸವಾಗುತ್ತದೆ. ಕಿಟಕಿಯ ಗಾಜಿನಲ್ಲಿ ಹೊಳಪು ಭೌತಿಕ ಸಂಗತಿ. ಗೋಡೆಯ ಗಾಜಿನಲ್ಲಿ ಅದು ಕಣ್ಣಿನಲ್ಲಿ ಘಟಿಸುವ ಸಂಗತಿ. ನುಣುಪಾದ ಬಣ್ಣದ ಮೇಲ್ಮೈ, ಮರಳಿನಿಂದ ಸವೆದ ಬಿಳುಪು, ಇವೆರಡರ ನಡುವಿನ ಖಚಿತವಾದ ಅಂಚು—ಇಷ್ಟರಿಂದಲೇ ಈ ಪರಿಣಾಮ ಉಂಟಾಗುತ್ತದೆ. ಆಲ್ಬರ್ಸ್ ಬೆಳಕನ್ನು ಬಳಸುವ ಕಲೆಯಿಂದ ಬೆಳಕಿನ ಗ್ರಹಿಕೆಯನ್ನು ಹುಟ್ಟಿಸುವ ಕಲೆಯ ಕಡೆಗೆ ಸಾಗಿದ್ದು ಈ ಹಂತದಲ್ಲಿ.

ಈ ತಂತ್ರದ ಇನ್ನೊಂದು ಫಲವೂ ಮುಖ್ಯವಾದುದು. ಪಡಿಯಚ್ಚಿನ ವಿಧಾನದಲ್ಲಿ ಕೈಬರಹದ ಏರಿಳಿತಕ್ಕೆ ಎಡೆಯಿಲ್ಲ. ಒಂದೇ ವಿನ್ಯಾಸವನ್ನು ಬೇರೆ ಬಣ್ಣಗಳಲ್ಲಿ ಪುನರಾವರ್ತಿಸಬಹುದು. ೧೯೨೯ರ ‘ಒಳಾಂಗಣ’ ಶೀರ್ಷಿಕೆಯ ಜೋಡಿ ಕೃತಿಗಳಲ್ಲಿ, ಗಗನಚುಂಬಿಗಳನ್ನು ಕುರಿತ ಫಲಕಗಳಲ್ಲಿ ಈ ಪುನರಾವರ್ತನೆಯ ಪ್ರವೃತ್ತಿ ಕಾಣುತ್ತದೆ. ೧೯೩೨ರಿಂದ ರಚಿತವಾದ ಸಂಗೀತಸಂಕೇತದ ಮಾಲಿಕೆಯಲ್ಲಿ ಅದು ವ್ಯವಸ್ಥಿತ ರೂಪ ತಾಳಿತು: ಪಾಶ್ಚಾತ್ಯ ಸ್ವರಲಿಪಿಯ ಒಂದು ಚಿಹ್ನೆ ಅದೇ ಆಕಾರದಲ್ಲಿ, ಬೂದು-ಕಪ್ಪು-ಬಿಳುಪುಗಳ ಬೇರೆ ಬೇರೆ ಸಂಯೋಜನೆಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ೧೯೩೧ರ ‘ಮೆಟ್ಟಿಲುಗಳು’ ಎಂಬ ಫಲಕ ಇನ್ನೊಂದು ಬಗೆಯ ಪರೀಕ್ಷೆ. ಎಡಬದಿಯ ದೊಡ್ಡ ಮೆಟ್ಟಿಲುಗಳು ಏರುವ ದಿಕ್ಕು ಸ್ಪಷ್ಟ. ಬಲಬದಿಯ ಚಿಕ್ಕ ಮೆಟ್ಟಿಲುಗಳು ಯಾವ ಕಡೆಗೆ ಏರುತ್ತವೆ ಎಂಬುದನ್ನು ಕಣ್ಣು ತೀರ್ಮಾನಿಸಲಾರದು. ಒಂದು ಕ್ಷಣ ಒಂದು ದಿಕ್ಕು, ಮರುಕ್ಷಣ ಇನ್ನೊಂದು. ಗಾಜು ಕದಲಿಲ್ಲ, ಕದಲಿದ್ದು ನೋಟ.

೩. ಛಾಯಾಚಿತ್ರ: ಒಂದಲ್ಲ, ಹಲವು

ಬೌಹೌಸ್‌ನಲ್ಲಿ ಛಾಯಾಚಿತ್ರದ ಪ್ರಬಲ ಪ್ರತಿಪಾದಕನಾಗಿದ್ದವನು ಹಂಗೆರಿಯ ಲಾಸ್ಲೋ ಮೊಹೋಲಿ-ನಾಗಿ. ೧೯೨೫ರಲ್ಲಿ ಪ್ರಕಟವಾದ ಆತನ ‘ಚಿತ್ರಕಲೆ, ಛಾಯಾಗ್ರಹಣ, ಚಲನಚಿತ್ರ’ ಎಂಬ ಗ್ರಂಥದ ನಿಲುವಿನ ಪ್ರಕಾರ ಕ್ಯಾಮೆರಾ ಮನುಷ್ಯನ ಕಣ್ಣಿನ ಮಿತಿಗಳನ್ನು ಮೀರಬಲ್ಲ ಸಾಧನ. ಕಣ್ಣಿಗೆ ಎಟುಕದ ಕೋನ, ವೇಗ, ಸೂಕ್ಷ್ಮಗಳನ್ನು ಅದು ಹಿಡಿಯುತ್ತದೆ. ೧೯೨೮ರಲ್ಲಿ ಮೊಹೋಲಿ-ನಾಗಿ ಶಾಲೆಯನ್ನು ಬಿಟ್ಟ. ಅಲ್ಲಿಯವರೆಗೆ ಅವರಿಬ್ಬರೂ ಹಂಚಿಕೊಂಡಿದ್ದ ಪ್ರಾಥಮಿಕ ತರಗತಿಯ ಪೂರ್ಣ ಹೊಣೆ ಆಲ್ಬರ್ಸ್‌ಗೆ ಬಂತು. ಹೆಚ್ಚುಕಡಿಮೆ ಅದೇ ವೇಳೆಗೆ ಆಲ್ಬರ್ಸ್ ಲೈಕಾ ಕ್ಯಾಮೆರಾವನ್ನು ಕೈಗೆತ್ತಿಕೊಂಡ.

ಆತ ತೆಗೆದ ಚಿತ್ರಗಳ ವಸ್ತು ವಿಶೇಷವಾದುದೇನಲ್ಲ: ಸಹೋದ್ಯೋಗಿಗಳಾದ ಪಾಲ್ ಕ್ಲೀ, ಕ್ಯಾಂಡಿನ್‌ಸ್ಕಿ ಮುಂತಾದವರ ಮುಖಗಳು, ಪತ್ನಿಯೂ ನೇಯ್ಗೆಯ ಕಲಾವಿದೆಯೂ ಆದ ಆನಿ, ಬಿಯಾರಿಟ್ಸ್‌ನ ಸಮುದ್ರತೀರ, ಸ್ಪೇನ್‌ನ ಸ್ಯಾನ್ ಸೆಬಾಸ್ಟಿಯನ್‌ನ ಗೂಳಿಕಾಳಗದ ಕಣ, ಜಿನೀವಾದ ಹೋಟೆಲೊಂದರ ಮೆಟ್ಟಿಲುಗಳು. ವಿಶೇಷವಿರುವುದು ಅವುಗಳನ್ನು ಆತ ಜೋಡಿಸಿದ ಬಗೆಯಲ್ಲಿ. ೧೯೨೮ರಿಂದ ೧೯೩೨ರ ಅವಧಿಯಲ್ಲಿ ಆತ ಬೇರೆ ಬೇರೆ ಅಳತೆಯ ಮುದ್ರಣಗಳನ್ನು ರಟ್ಟಿನ ಹಾಳೆಗಳ ಮೇಲೆ ಅಂಟಿಸಿ ಸುಮಾರು ೭೦ ಕೊಲಾಜ್‌ಗಳನ್ನು ಸಿದ್ಧಗೊಳಿಸಿದ. ದಾದಾ ಪಂಥದ ಕಲಾವಿದರ ಕೊಲಾಜ್‌ಗಳಂತೆ ಇಲ್ಲಿ ಒಂದರ ಮೇಲೊಂದು ಚಿತ್ರ ಹಾಯುವುದಿಲ್ಲ. ಕತ್ತರಿಸಿದ ತುಂಡುಗಳು ಸೇರಿ ಅಸಂಭವ ಲೋಕವೊಂದು ಸೃಷ್ಟಿಯಾಗುವುದಿಲ್ಲ. ಚಿತ್ರಗಳು ಅಕ್ಕಪಕ್ಕ, ನಡುವೆ ತೆರಪು ಬಿಟ್ಟು, ಜಾಲರಿಯ ಬಿಲ್ಲೆಗಳಂತೆ ನಿಲ್ಲುತ್ತವೆ.

ಈ ವಿಧಾನದ ಉತ್ತಮ ನಿದರ್ಶನ ೧೯೩೧ರ ಮಾರ್ಲಿ ಹೈಮನ್ ಎಂಬ ಯುವತಿಯ ಭಾವಚಿತ್ರ. ಅದರಲ್ಲಿರುವುದು ಒಂದಲ್ಲ, ಹನ್ನೆರಡು ಚಿತ್ರಗಳು. ಎಲ್ಲವೂ ಒಂದೇ ಗಂಟೆಯೊಳಗೆ ತೆಗೆದವು ಎಂದು ಶೀರ್ಷಿಕೆಯೇ ಸೂಚಿಸುತ್ತದೆ. ಮುಖ ಒಂದೇ, ಆದರೆ ಅದರ ತಿರುವು, ದೃಷ್ಟಿ, ಭಾವ ಚಿತ್ರದಿಂದ ಚಿತ್ರಕ್ಕೆ ಬೇರೆ. ಇವುಗಳಲ್ಲಿ ಯಾವುದು ಆ ವ್ಯಕ್ತಿಯ ನಿಜವಾದ ಮುಖ ಎಂಬ ಪ್ರಶ್ನೆಗೆ ಉತ್ತರವಿಲ್ಲ; ಪ್ರಶ್ನೆಯೇ ಅಸಂಗತವೆಂದು ಹಾಳೆ ಸೂಚಿಸುವಂತಿದೆ. ಛಾಯಾಚಿತ್ರ ಸಾಕ್ಷ್ಯವೆಂಬ ನಂಬಿಕೆ ಒಂದೇ ಚಿತ್ರವಿದ್ದಾಗ ಸುಲಭವಾಗಿ ಉಳಿಯುತ್ತದೆ. ಹನ್ನೆರಡು ಸಾಕ್ಷ್ಯಗಳು ಅಕ್ಕಪಕ್ಕ ನಿಂತಾಗ ಪ್ರತಿಯೊಂದೂ ಸತ್ಯ, ಯಾವುದೂ ಸಂಪೂರ್ಣವಲ್ಲ ಎಂಬ ಅರಿವು ಮೂಡುತ್ತದೆ.

ಮೊಹೋಲಿ-ನಾಗಿಗೂ ಆಲ್ಬರ್ಸ್‌ಗೂ ಇರುವ ವ್ಯತ್ಯಾಸ ಇಲ್ಲಿದೆ. ಮೊದಲನೆಯವನಿಗೆ ಮುಖ್ಯವಾದುದು ಮಸೂರದ ಸಾಮರ್ಥ್ಯ. ಎರಡನೆಯವನಿಗೆ ಚಿತ್ರ ಮತ್ತು ಚಿತ್ರಗಳ ನಡುವಿನ ಸಂಬಂಧ. ಎರಡು ಪಟ್ಟಿಗಳನ್ನು ಪಕ್ಕಪಕ್ಕ ಇಟ್ಟರೆ ನಡುವಿನ ತೆರಪು ಮೂರನೆಯ ಪಟ್ಟಿಯಾಗಿ ಕಾಣುತ್ತದೆ. ಆದ್ದರಿಂದ ಕಲೆಯಲ್ಲಿ ಒಂದಕ್ಕೆ ಒಂದು ಸೇರಿದರೆ ಮೂರು ಅಥವಾ ಅದಕ್ಕಿಂತ ಹೆಚ್ಚು ಎಂದು ಆಲ್ಬರ್ಸ್ ಬೋಧಿಸುತ್ತಿದ್ದ. ಕೊಲಾಜ್‌ಗಳಲ್ಲಿ ಆ ಹೆಚ್ಚುವರಿ ಅಂಶ ಯಾವ ಮುದ್ರಣದಲ್ಲಿಯೂ ಇಲ್ಲ. ಅದು ಹಾಳೆಯ ತೆರಪನ್ನು ದಾಟುವ ಕಣ್ಣಿನ ಚಲನೆಯಲ್ಲಿದೆ.

ಈ ಕೃತಿಗಳನ್ನು ಆಲ್ಬರ್ಸ್ ಬದುಕಿರುವಾಗ ಪ್ರಚುರಪಡಿಸಲಿಲ್ಲ. ೧೯೪೩ರ ಫೆಬ್ರವರಿಯಲ್ಲಿ, ಅಮೆರಿಕದ ಬ್ಲ್ಯಾಕ್ ಮೌಂಟನ್ ಕಾಲೇಜಿನಲ್ಲಿ ಬೋಧಿಸುತ್ತಿದ್ದಾಗ, ಛಾಯಾಗ್ರಹಣವಾಗಿ ಛಾಯಾಚಿತ್ರ ಮತ್ತು ಕಲೆಯಾಗಿ ಛಾಯಾಚಿತ್ರ ಎಂಬ ವಿಷಯವಾಗಿ ಆತ ಉಪನ್ಯಾಸವೊಂದನ್ನು ನೀಡಿದ. ಆದರೆ ಕೊಲಾಜ್‌ಗಳು ವಿದ್ವಾಂಸರ ಕಣ್ಣಿಗೆ ಬಿದ್ದದ್ದು ೧೯೭೬ರಲ್ಲಿ ಆತ ತೀರಿಕೊಂಡ ಬಳಿಕ. ನ್ಯೂಯಾರ್ಕ್‌ನ ಆಧುನಿಕ ಕಲಾ ಸಂಗ್ರಹಾಲಯ ೧೯೮೮ರಲ್ಲಿ ಆತನ ಛಾಯಾಚಿತ್ರಗಳನ್ನು ಪ್ರದರ್ಶಿಸಿತು. ೨೦೧೬-೧೭ರಲ್ಲಿ ಬೌಹೌಸ್ ಕಾಲದ ಕೊಲಾಜ್‌ಗಳಿಗೇ ಮೀಸಲಾದ ಪ್ರದರ್ಶನವನ್ನು ಏರ್ಪಡಿಸಿತು. ಗಾಜಿನ ಕೃತಿಗಳ ವಿಸ್ತೃತ ಪ್ರದರ್ಶನವನ್ನು ಗುಗೆನ್‌ಹೈಮ್ ಸಂಸ್ಥೆ ೧೯೯೪ರಲ್ಲಿ ವೆನಿಸ್ ನಗರದಲ್ಲಿ ನಡೆಸಿತ್ತು. ಹೀಗೆ ಎರಡೂ ಮಾಧ್ಯಮಗಳ ಕೆಲಸವನ್ನು ಒಟ್ಟಾಗಿ ಅವಲೋಕಿಸುವ ಅವಕಾಶ ಒದಗಿದ್ದು ತೀರ ಈಚೆಗೆ.

೪. ಇರುವುದು ಮತ್ತು ಕಾಣುವುದು

ಆಲ್ಬರ್ಸ್ ತನ್ನ ಬೋಧನೆಯಲ್ಲಿ ಎರಡು ಬಗೆಯ ಸಂಗತಿಗಳನ್ನು ಬೇರ್ಪಡಿಸುತ್ತಿದ್ದ. ಅಳೆದು ತೂಗಿ ಹೇಳಬಹುದಾದ, ಬದಲಾಗದ ಸಂಗತಿ ಒಂದು. ಸನ್ನಿವೇಶಕ್ಕೆ ತಕ್ಕಂತೆ ನಮ್ಮ ಅನುಭವದಲ್ಲಿ ಘಟಿಸುವ ಸಂಗತಿ ಇನ್ನೊಂದು. ‘ಬಣ್ಣಗಳ ಪರಸ್ಪರ ಕ್ರಿಯೆ’ಯಲ್ಲಿ ಆತ ಇದಕ್ಕೆ ಹಳೆಯ ಪ್ರಯೋಗವೊಂದನ್ನು ಉದಾಹರಿಸುತ್ತಾನೆ. ಮೂರು ಪಾತ್ರೆಗಳಲ್ಲಿ ಬಿಸಿ, ಉಗುರುಬೆಚ್ಚಗಿನ ಮತ್ತು ತಣ್ಣನೆಯ ನೀರಿದೆ. ಒಂದು ಕೈಯನ್ನು ಬಿಸಿನೀರಿನಲ್ಲಿ, ಇನ್ನೊಂದನ್ನು ತಣ್ಣೀರಿನಲ್ಲಿ ಅದ್ದಿ, ಅನಂತರ ಎರಡನ್ನೂ ನಡುವಿನ ಪಾತ್ರೆಗೆ ಇಳಿಸಿದರೆ ಅದೇ ನೀರು ಒಂದು ಕೈಗೆ ತಂಪು, ಇನ್ನೊಂದು ಕೈಗೆ ಬಿಸಿ. ಬಣ್ಣದ ವಿಷಯವೂ ಹಾಗೆಯೇ. ಒಂದೇ ಬಣ್ಣದ ಎರಡು ತುಂಡುಗಳನ್ನು ಬೇರೆ ಬೇರೆ ಹಿನ್ನೆಲೆಗಳ ಮೇಲೆ ಇಟ್ಟರೆ ಅವು ಎರಡು ಬಣ್ಣಗಳಾಗಿ ತೋರುತ್ತವೆ. ಕಣ್ಣು ಗುರುತಿಸುವ ಛಾಯಾಂತರಗಳನ್ನು ಕ್ಯಾಮೆರಾ ಅದೇ ರೀತಿಯಲ್ಲಿ ದಾಖಲಿಸುವುದಿಲ್ಲ ಎಂಬುದನ್ನೂ ಆ ಕೃತಿ ಚರ್ಚಿಸುತ್ತದೆ.

ಕನ್ನಡ ಭಾಷೆಯ ಎರಡು ಕ್ರಿಯಾಪದಗಳು ಈ ವಿವೇಚನೆಯನ್ನು ಸ್ಪಷ್ಟಗೊಳಿಸಲು ನೆರವಾಗುತ್ತವೆ. ‘ನೋಡು’ ಎಂಬುದು ಕರ್ತೃವಿನ ಸಂಕಲ್ಪದಿಂದ ನಡೆಯುವ ಕ್ರಿಯೆ: ‘ನಾನು ಗಾಜನ್ನು ನೋಡುತ್ತೇನೆ’. ‘ಕಾಣು’ ಎಂಬುದು ಸಕರ್ಮಕವಾಗಿಯೂ ಬಳಕೆಯಾಗುತ್ತದೆಯಾದರೂ ‘ನನಗೆ ಗಾಜು ಕಾಣುತ್ತದೆ’ ಎಂಬಲ್ಲಿ ನೋಡುವವನು ಚತುರ್ಥೀ ವಿಭಕ್ತಿಗೆ ಸರಿದು, ವಸ್ತುವೇ ಪ್ರಥಮಾ ವಿಭಕ್ತಿಯಲ್ಲಿ ನಿಲ್ಲುತ್ತದೆ. ‘ನೋಡಿದೆ, ಕಾಣಲಿಲ್ಲ’ ಎಂಬ ನಿತ್ಯದ ಮಾತಿನಲ್ಲಿ ಇವೆರಡರ ಅಂತರ ಅಡಗಿದೆ. ಆಲ್ಬರ್ಸ್‌ನ ಗಾಜಿನ ಫಲಕಗಳು ಮತ್ತು ಕೊಲಾಜ್‌ಗಳು ಈ ಎರಡು ಕ್ರಿಯೆಗಳ ನಡುವಿನ ಪ್ರದೇಶದಲ್ಲಿ ಕೆಲಸ ಮಾಡುತ್ತವೆ. ನೋಡುವುದು ನಮ್ಮ ಅಂಕೆಯಲ್ಲಿದೆ. ಕಾಣುವುದು ಅಷ್ಟಾಗಿ ಇಲ್ಲ.

ಹಾಗಾದರೆ ಕಾಣುವುದೆಲ್ಲ ಭ್ರಮೆಯೆ? ಭಾರತೀಯ ದರ್ಶನಗಳಲ್ಲಿ ಪ್ರಸಿದ್ಧವಾದ ಎರಡು ದೃಷ್ಟಾಂತಗಳನ್ನು ಇಲ್ಲಿ ತುಲನೆಗಾಗಿ ಮಾತ್ರ ನೆನೆಯಬಹುದು. ಹಗ್ಗದಲ್ಲಿ ತೋರಿದ ಹಾವು, ಅದು ಹಗ್ಗವೆಂದು ತಿಳಿದೊಡನೆ ಮಾಯವಾಗುತ್ತದೆ. ದಾಸವಾಳದ ಪಕ್ಕದಲ್ಲಿಟ್ಟ ಸ್ಫಟಿಕ ಕೆಂಪಾಗಿ ತೋರುವುದು ಇನ್ನೊಂದು ಬಗೆ. ಸ್ಫಟಿಕಕ್ಕೆ ಬಣ್ಣವಿಲ್ಲವೆಂಬುದು ತಿಳಿದಿದ್ದರೂ ಹೂವು ಪಕ್ಕದಲ್ಲಿರುವವರೆಗೆ ಕೆಂಪು ತೋರುತ್ತಲೇ ಇರುತ್ತದೆ. ವೇದಾಂತದ ಪರಿಭಾಷೆಯಲ್ಲಿ ಇದು ಸೋಪಾಧಿಕ ಭ್ರಮೆ. ಆಲ್ಬರ್ಸ್‌ನ ಕೃತಿಗಳು ಎರಡನೆಯ ವರ್ಗಕ್ಕೆ ಸಮೀಪವಾದವು. ‘ಮೆಟ್ಟಿಲುಗಳು’ ಫಲಕ ಸಪಾಟಾಗಿದೆಯೆಂದು ಬಲ್ಲವನ ಕಣ್ಣಿಗೂ ಅದು ದಿಕ್ಕು ಬದಲಿಸುತ್ತದೆ. ಆದರೆ ದಾರ್ಶನಿಕನಿಗೂ ಕಲಾವಿದನಿಗೂ ನಿಲುವಿನ ಭೇದವಿದೆ. ವೇದಾಂತಿಗೆ ಆ ಕೆಂಪು ನಿವಾರಿಸಬೇಕಾದ ಆರೋಪ. ಆಲ್ಬರ್ಸ್‌ಗೆ ಅದು ಪರಿಶೀಲಿಸಬೇಕಾದ ವಾಸ್ತವ. ನೆರೆಯಿಂದ ಬಣ್ಣ ಬದಲಾಗುತ್ತದೆ ಎಂಬುದು ಕಣ್ಣಿನ ದೋಷವಲ್ಲ, ಕಾಣುವಿಕೆಯ ಸ್ವಭಾವ ಎಂಬುದು ಆತನ ಕೃತಿಗಳ ಒಟ್ಟು ಪ್ರತಿಪಾದನೆ.

೫. ಚೌಕಗಳ ಹಿಂದಿನ ಗಾಜು

೧೯೩೩ರಲ್ಲಿ ನಾಜಿ ಆಡಳಿತದ ಒತ್ತಡದಿಂದ ಬೌಹೌಸ್ ಮುಚ್ಚಿತು. ಅದೇ ವರ್ಷದ ನವೆಂಬರಿನಲ್ಲಿ ಆಲ್ಬರ್ಸ್ ದಂಪತಿಗಳು ಅಮೆರಿಕಕ್ಕೆ ವಲಸೆ ಹೋದರು. ಅಲ್ಲಿ ಗಾಜಿನ ಕೆಲಸ ಬಹುಮಟ್ಟಿಗೆ ನಿಂತಿತು. ಆದರೆ ಗಾಜಿನಲ್ಲಿ ಕಲಿತದ್ದು ನಿಲ್ಲಲಿಲ್ಲ. ಚೌಕಗಳ ಮಾಲಿಕೆಯಲ್ಲಿ ಆತ ಗಟ್ಟಿಯಾದ ನಾರುಹಲಗೆಯ ಮೇಲೆ ಮೊದಲು ಬಿಳಿಯ ತಳವನ್ನು ಹಾಸುತ್ತಿದ್ದ. ಬಣ್ಣಗಳನ್ನು ಬೆರೆಸದೆ ನೇರವಾಗಿ ಕೊಳವೆಯಿಂದ ತೆಗೆದು ಚೂರಿಯಿಂದ ಹರಡುತ್ತಿದ್ದ. ಯಾವ ತಯಾರಕರ ಯಾವ ಬಣ್ಣ ಎಂಬುದನ್ನು ಹಲಗೆಯ ಹಿಂಬದಿಯಲ್ಲಿ ಬರೆದಿಡುತ್ತಿದ್ದ. ಬಿಳಿಯ ತಳ ಮತ್ತು ಅದರ ಮೇಲಿನ ತೆಳುವಾದ ಬಣ್ಣದ ಪದರ ಎಂಬ ರಚನೆ ಡೆಸ್ಸೌನ ಹಾಲುಗಾಜಿನ ರಚನೆಯೇ. ಸ್ಥಿರವಾದ ಆಕಾರ, ಬದಲಾಗುವ ಬಣ್ಣ ಎಂಬ ಕ್ರಮ ‘ಜಾಲರಿ ಚಿತ್ರ’ದಿಂದ ಸಂಗೀತಸಂಕೇತದ ಮಾಲಿಕೆಯವರೆಗೆ ಬೆಳೆದು ಬಂದದ್ದು. ಒಂದೇ ವಸ್ತುವನ್ನು ಹಲವು ಸಲ ನೋಡಿದರಲ್ಲದೆ ಅದನ್ನು ಕಂಡಂತಾಗುವುದಿಲ್ಲ ಎಂಬ ಅರಿವು ಕೊಲಾಜ್‌ಗಳಿಂದ ಬಂದದ್ದು.

ಇದನ್ನು ಹಿನ್ನೋಟದಿಂದ ಕಟ್ಟಿದ ಅನುಕೂಲದ ವಾದವೆಂದು ಆಕ್ಷೇಪಿಸಬಹುದು. ಕಲಾವಿದನ ಕೊನೆಯ ಕೃತಿಯನ್ನು ಮೊದಲೇ ಬಲ್ಲವರಿಗೆ ಆರಂಭದ ಕೃತಿಗಳಲ್ಲೆಲ್ಲ ಅದರ ಬೀಜ ಕಾಣುವುದು ಸಹಜ. ಬೌಹೌಸ್‌ನ ವಾತಾವರಣದಲ್ಲಿ ಗ್ರಹಿಕೆಯ ಪ್ರಶ್ನೆಗೆ ಇತರ ಪ್ರೇರಣೆಗಳೂ ಇದ್ದವು; ೧೯೩೦-೩೧ರಲ್ಲಿ ಅಲ್ಲಿ ಗೆಸ್ಟಾಲ್ಟ್ ಮನೋವಿಜ್ಞಾನವನ್ನು ಕುರಿತ ಉಪನ್ಯಾಸಗಳು ನಡೆದಿದ್ದವು. ಆದರೆ ‘ಜಾಲರಿ ಚಿತ್ರ’ ಅವುಗಳಿಗಿಂತ ಸುಮಾರು ಒಂದು ದಶಕ ಹಿಂದಿನದು ಎಂಬುದನ್ನು ಮರೆಯುವಂತಿಲ್ಲ. ಸಿದ್ಧಾಂತ ಬಂದು ಕೃತಿಯನ್ನು ರೂಪಿಸಲಿಲ್ಲ. ಸಾಮಗ್ರಿಯೊಂದಿಗಿನ ಒಡನಾಟ ಸಿದ್ಧಾಂತಕ್ಕೆ ನೆಲ ಹದಮಾಡಿತು. ಆಲ್ಬರ್ಸ್‌ನ ತರಗತಿಗಳಲ್ಲಿಯೂ ಪ್ರಯೋಗ ಮೊದಲು, ವಿವರಣೆ ಅನಂತರ. ಬ್ಲ್ಯಾಕ್ ಮೌಂಟನ್‌ನಲ್ಲಿ ರಾಬರ್ಟ್ ರೌಷೆನ್‌ಬರ್ಗ್ ಮತ್ತು ರೂತ್ ಅಸಾವಾ, ಯೇಲ್‌ನಲ್ಲಿ ಈವಾ ಹೆಸ್ಸ್ ಅವರಂಥ, ಪರಸ್ಪರ ಹೋಲಿಕೆಯೇ ಇಲ್ಲದ ಕಲಾವಿದರು ಆತನ ಕೈಕೆಳಗೆ ಕಲಿತರೆಂಬುದು ಗಮನಾರ್ಹ. ಆತ ಕಲಿಸಿದ್ದು ಶೈಲಿಯನ್ನಲ್ಲ. ಅಮೆರಿಕಕ್ಕೆ ಬಂದಿಳಿದಾಗ ತನ್ನ ಉದ್ದೇಶವನ್ನು ಕೇಳಿದವರಿಗೆ, ಕಣ್ಣುಗಳನ್ನು ತೆರೆಸುವುದು ಎಂಬ ಅರ್ಥದ ಉತ್ತರವನ್ನು ಆತ ಕೊಟ್ಟಿದ್ದು ಪ್ರಸಿದ್ಧವಾಗಿದೆ.

ಗಾಜು ಮತ್ತು ಛಾಯಾಚಿತ್ರ, ಇವೆರಡೂ ಪಾರದರ್ಶಕವೆಂಬ ಭರವಸೆ ಹುಟ್ಟಿಸುವ ಮಾಧ್ಯಮಗಳು. ಗಾಜಿನ ಮೂಲಕ ಲೋಕ ಇದ್ದಂತೆ ತೋರುತ್ತದೆ, ಛಾಯಾಚಿತ್ರದಲ್ಲಿ ನಡೆದದ್ದು ನಡೆದಂತೆ ಉಳಿಯುತ್ತದೆ ಎಂಬುದು ಸಾಮಾನ್ಯ ತಿಳಿವಳಿಕೆ. ಆಲ್ಬರ್ಸ್ ಆರಿಸಿಕೊಂಡದ್ದು ಈ ಎರಡು ಮಾಧ್ಯಮಗಳನ್ನು. ಮಾಡಿದ್ದು ಅವುಗಳ ಪಾರದರ್ಶಕತೆಯನ್ನು ತಡೆದು ನಿಲ್ಲಿಸುವ ಕೆಲಸವನ್ನು. ಗಾಜನ್ನು ಆತ ಗೋಡೆಗೆ ತಂದ; ಛಾಯಾಚಿತ್ರವನ್ನು ಇನ್ನೊಂದು ಛಾಯಾಚಿತ್ರದ ನೆರೆಗೆ ತಂದ. ಆಗ ನೋಡುವವನ ಗಮನ ಗಾಜಿನಾಚೆಗಿನ, ಚಿತ್ರದಾಚೆಗಿನ ವಸ್ತುವಿನಿಂದ ಮರಳಿ ತನ್ನ ಕಾಣುವಿಕೆಯ ಕಡೆಗೇ ತಿರುಗಿತು. ಚೌಕಗಳ ಮಾಲಿಕೆ ಈ ತಿರುವಿನ ಫಲ. ಆದ್ದರಿಂದ ಗಾಜು ಮತ್ತು ಕ್ಯಾಮೆರಾಗಳನ್ನು ಆಲ್ಬರ್ಸ್‌ನ ಸಾಧನೆಯ ಪೀಠಿಕೆಯೆಂದು ಬದಿಗಿಡದೆ, ಆ ಸಾಧನೆಯ ತಳಪದರವೆಂದು ಓದುವುದು ಅಗತ್ಯ.